ಏಳು ಜಾಹೀರಾತು, ಎರಡು ಕೋಣೆ, ಒಂದು ಪತ್ರಿಕೆ

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಎಂಜಿನಿಯರಿಂಗ್ ಗೈಡುಗಳ ರಾಶಿಯಡಿ ‘ಮಾರ್ಗ್’ ಪತ್ರಿಕೆಯ ಸಂಚಿಕೆಯೊಂದು ಸಿಕ್ಕಿತು. ನಾನು ನಿಂತಲ್ಲೇ ಮೈಮರೆತು ಓದತೊಡಗಿದ್ದನ್ನು ಕಂಡ ಅಂಗಡಿಯವರು ರೇಟು ಏರಿಸಿದರು, ಕೊಟ್ಟೆ. 1965ರ ಜೂನ್ ಸಂಚಿಕೆ. ಪಿನ್ನು ತುಕ್ಕು ಹಿಡಿದು ನಡುಹಾಳೆಗೆ ಕಂದು ಕಲೆ ಇಳಿದಿತ್ತು. ‘ಮಾರ್ಗ್’ ಎಂದರೆ ಶಿಲಾಬಾಲಿಕೆ, ಚೋಳರ ಕಂಚು, ಕಿರುಚಿತ್ರಗಳು ಎಂದುಕೊಂಡವರಿಗೆ ಇಲ್ಲಿ ಅದ್ಯಾವುದೂ ಇಲ್ಲ. ಇರುವುದೆಲ್ಲ ಮುಂಬೈ: ಅದರ ಜನ, ಜಾಗ, ಬಂದರು.

ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಸೇರಿ ಮಂಡಿಸಿದ ಪ್ರಸ್ತಾವ ಈ ಸಂಚಿಕೆಯ ಜೀವಾಳ. ಕೆಲಸವೆಲ್ಲ ನಗರದ ದಕ್ಷಿಣ ತುದಿಯಲ್ಲೇ ಗುಡ್ಡೆ ಬಿದ್ದಿದೆ, ಉತ್ತರ-ದಕ್ಷಿಣವಾಗಿ ಇನ್ನಷ್ಟು ಹಿಗ್ಗಿಸುವ ಬದಲು ನೀರಿನಾಚೆ, ಪೂರ್ವದ ದಡದಲ್ಲಿ ಇನ್ನೊಂದು ಊರು ಕಟ್ಟಿ ಎಂಬುದು ವಾದ. ಕೊರಿಯಾ ಅವರಿಗೆ ಆಗಿನ್ನೂ 35 ತುಂಬಿರಲಿಲ್ಲ. ಐದು ವರ್ಷಕ್ಕೆಲ್ಲ, 1970ರಲ್ಲಿ, ಆ ಊರು ಕಟ್ಟಲೆಂದೇ ಸರ್ಕಾರ ಸಿಡ್ಕೊ ಎಂಬ ನಿಗಮವನ್ನು ಸ್ಥಾಪಿಸಿತು. ಆ ಹೊಸ ಊರಿನ ವಾಶಿ, ನೆರೂಳ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ವಿಳಾಸ ಒಂದು ಕಲಾಪತ್ರಿಕೆಯಲ್ಲಿ ಮೊಳಕೆಯೊಡೆದಿತ್ತು ಎಂದರೆ ನಂಬಬೇಕು. ಆದರೆ ರಾಜ್ಯದ ಆಡಳಿತವನ್ನೇ ಆಚೆ ದಡಕ್ಕೆ ಒಯ್ಯಬೇಕೆಂಬ ಆಸೆ ಈಡೇರಲಿಲ್ಲ. ಸರ್ಕಾರದ ಕಚೇರಿಯಾದ ಮಂತ್ರಾಲಯ ನರಿಮನ್ ಪಾಯಿಂಟ್‌ನಿಂದ ಕದಲಲೇ ಇಲ್ಲ.

‘ಮಾರ್ಗ್’ ಹುಟ್ಟಿದ್ದು 1946ರ ಅಕ್ಟೋಬರ್‌ನಲ್ಲಿ, ಮುಂಬೈಯಲ್ಲಿ. ಸ್ಥಾಪಕ ಸಂಪಾದಕ ಮುಲ್ಕ್ ರಾಜ್ ಆನಂದ್ ವಾಸ್ತುಶಿಲ್ಪಿಯಲ್ಲ, ಕಾದಂಬರಿಕಾರ. ಜೆ.ಆರ್.ಡಿ. ಟಾಟಾ ಕೊಟ್ಟ ಏಳು ಜಾಹೀರಾತು ಮತ್ತು ಎರಡು ಕೋಣೆಗಳೇ ಬಂಡವಾಳ ಎಂಬ ಮಾತು ಪತ್ರಿಕೆಯ ಬಳಗದಲ್ಲಿ ಇಂದಿಗೂ ಓಡಾಡುತ್ತದೆ. ಸಿಂಹಳದ ಅಕ್ಕತಂಗಿಯರಾದ ಅನಿಲ್ ಡಿ ಸಿಲ್ವಾ ಮತ್ತು ಮಿನೆಟ್ ಡಿ ಸಿಲ್ವಾ ಜೊತೆಗಿದ್ದರು. ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿದೆ, ನಾವು ಎಂಥ ಮನೆಯಲ್ಲಿ, ಎಂಥ ಊರಿನಲ್ಲಿ ಬದುಕಬೇಕು ಎಂಬುದು ಅವರೆಲ್ಲರ ಚಿಂತೆ. ಹಳೆಯ ಗುಡಿ, ಹೊಸ ಕಾಂಕ್ರೀಟು ಎರಡನ್ನೂ ಅವರು ಒಂದೇ ಮಾತುಕತೆಯಲ್ಲಿ ತಂದರು.

ಆ ಮೊದಲ ಬಳಗದ ಒಂದು ಹೆಸರು ನನ್ನನ್ನು ಬಿಡುವುದೇ ಇಲ್ಲ: ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ. 1933ರಲ್ಲಿ, ವಾಸ್ತುಶಿಲ್ಪದ ಶಿಂಕೆಲ್ ಪ್ರಶಸ್ತಿ ಬಂದ ವರ್ಷವೇ, ನಾತ್ಸಿಗಳು ಸರ್ಕಾರಿ ಕೆಲಸ ಕಿತ್ತುಕೊಂಡರು. ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿದವರನ್ನು 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ಕೋನಿಗ್ಸ್‌ಬರ್ಗರ್ ಅವರ ಸೋದರಮಾವ ಯಾರು ಗೊತ್ತೆ? ಸಿ.ವಿ. ರಾಮನ್ ಆಹ್ವಾನದ ಮೇಲೆ ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್!

ಮಿರ್ಜಾ ಅವರಿಗೆ ಕಮಾನು, ಗುಮ್ಮಟಗಳ ಮೋಹ. ಕೋನಿಗ್ಸ್‌ಬರ್ಗರ್ ಅವರದು ಬಿಸಿಲು, ಗಾಳಿ, ಮಳೆಯ ಲೆಕ್ಕ. ಅದೇ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿಜ್ಞಾನ ವಿಭಾಗ, ಲೋಹವಿಜ್ಞಾನ ವಿಭಾಗ, ಊಟದ ಮನೆ ಮತ್ತು ಸಭಾಂಗಣದ ಕಟ್ಟಡಗಳನ್ನು ಅವರು ರೂಪಿಸಿದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. ಜಮ್‌ಶೆಡ್‌ಪುರ, ಭುವನೇಶ್ವರಗಳಿಗೆ ಯೋಜನೆ ಬರೆದರು. ಆಮೇಲೆ ನೆಹರೂ ಸರ್ಕಾರದ ವಸತಿ ನಿರ್ದೇಶಕರಾದರು, ದೆಹಲಿಯಲ್ಲಿ ಸಿದ್ಧಮನೆಗಳ ಕಾರ್ಖಾನೆ ಹೂಡಿದರು. ಅದು ಕೈಗೂಡದೆ 1951ರಲ್ಲಿ ಲಂಡನ್‌ಗೆ ಹೊರಟರು. ಉಷ್ಣವಲಯದ ಮನೆಗಳ ಬಗ್ಗೆ ಮೂವರು ಸಹಲೇಖಕರೊಡನೆ ಅವರು ಬರೆದ ಕೈಪಿಡಿಯನ್ನು ನಮ್ಮ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಇಂದೂ ತಿರುವಿಹಾಕುತ್ತಾರೆ. ಅದರ ಕರ್ತೃ ಬೆಂಗಳೂರಿನಲ್ಲಿ ಸಂಬಳ ಎಣಿಸಿದವನೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

‘ಮಾರ್ಗ್’ ಆಮೇಲಾಮೇಲೆ ಕಲೆ, ಶಿಲ್ಪಗಳತ್ತಲೇ ಹೆಚ್ಚು ವಾಲಿತು. ನಷ್ಟವಾಗಲಿಲ್ಲ ಎನ್ನಿ. ಜಾರ್ಜ್ ಮಿಚೆಲ್ ಮತ್ತು ಹಾವೇರಿಯ ವಸುಂಧರಾ ಫಿಲಿಯೋಜಾ ಸಂಪಾದಿಸಿದ ಹಂಪಿ ಸಂಪುಟ 1981ರಲ್ಲಿ ಬಂತು, ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವ ಐದು ವರ್ಷ ಮೊದಲೇ. ಆದರೂ ನುಣುಪು ಕಾಗದ, ನರಪಿಳ್ಳೆಯಿಲ್ಲದ ಅಂದದ ಫೋಟೊಗಳ ಇಂಥ ಸಂಪುಟಗಳನ್ನು ಕಂಡಾಗ ನನಗೆ ಅರೆಮನಸ್ಸು. ಅವು ಸೋಫಾ ಮುಂದಿನ ಟೀಪಾಯಿಯ ಶೋಭೆಗೆ ಸರಿ, 1965ರ ಸಂಚಿಕೆಯ ಜಗಳಗಂಟಿತನ ಅವುಗಳಲ್ಲಿಲ್ಲ.

ಈ ಜಗಳಕ್ಕೂ ಕಟ್ಟಡಗಳ ಸಂರಕ್ಷಣೆಗೂ ಏನು ಸಂಬಂಧ ಎಂದರೆ, ನಮ್ಮಲ್ಲಿ ಪರಂಪರೆ ಎಂಬುದು ವಯಸ್ಸಿನ ಲೆಕ್ಕ. 1958ರ ಪುರಾತನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಕೇಳುತ್ತದೆ. ರಾಜ್ ರೇವಾಲ್ ವಿನ್ಯಾಸ ಮಾಡಿದ, 1972ರಲ್ಲಿ ತೆರೆದ ದೆಹಲಿಯ ಹಾಲ್ ಆಫ್ ನೇಷನ್ಸ್‌ಗೆ 60 ಆಗಿಲ್ಲ ಎಂಬ ಕಾರಣಕ್ಕೆ ಪರಂಪರೆ ಸಮಿತಿ ಕೈಚೆಲ್ಲಿತು. 2017ರ ಏಪ್ರಿಲ್‌ನಲ್ಲಿ ಅದನ್ನು ಕೆಡವಿದರು. ಕೋನಿಗ್ಸ್‌ಬರ್ಗರ್ ಕಟ್ಟಡಗಳಿಗೂ ಇನ್ನೂ ನೂರು ತುಂಬಿಲ್ಲ.

ಪತ್ರಿಕೆಗೆ ಇಂಥ ವಯೋಮಿತಿ ಇಲ್ಲ. 1961ರ ಡಿಸೆಂಬರ್‌ನಲ್ಲಿ, ಚಂಡೀಗಡದ ಕಾಂಕ್ರೀಟು ಇನ್ನೂ ಹೊಸದಾಗಿದ್ದಾಗಲೇ, ‘ಮಾರ್ಗ್’ ಇಡೀ ಸಂಚಿಕೆಯನ್ನು ಆ ಊರಿಗೆ ಮೀಸಲಿಟ್ಟಿತು. ಅಲ್ಲಿನ ಕ್ಯಾಪಿಟಲ್ ಸಂಕೀರ್ಣ ವಿಶ್ವ ಪರಂಪರೆಯ ತಾಣವಾದದ್ದು 2016ರಲ್ಲಿ. ಕಟ್ಟಡವನ್ನು ಉಳಿಸುವ ಕೆಲಸ ಅದು ಪಾಳು ಬಿದ್ದ ಮೇಲೆ ಶುರುವಾದರೆ ತಡವಾಯಿತೆಂದೇ ಅರ್ಥ. ಯಾಕೆ ಕಟ್ಟಿದರು, ಯಾರು ಒಪ್ಪಲಿಲ್ಲ, ಗಾಳಿ ಎತ್ತಲಿಂದ ಬರಲೆಂದು ಕಿಟಕಿ ಇಟ್ಟರು ಎಂಬುದನ್ನು ಕಟ್ಟಿದವರು ಬದುಕಿರುವಾಗಲೇ ಬರೆಸಿಕೊಳ್ಳಬೇಕು. ನನ್ನ ಮಟ್ಟಿಗೆ ‘ಮಾರ್ಗ್’ ಮಾಡಿದ ದೊಡ್ಡ ಸಂರಕ್ಷಣೆ ಅದೇ, ಹಂಪಿ ಸಂಪುಟಕ್ಕಿಂತಲೂ ದೊಡ್ಡದು.