ಬಿದಿರು ಮೆಳೆಯ ಖಡ್ಗಧಾರಿಣಿ

ಮುಗಿಲಿಗೆ ಏಣಿ ಹಾಕಿದಂತೆ ಎತ್ತರಕ್ಕೆ ಬೆಳೆದ ಬಿದಿರು ಮೆಳೆ. ಹಸಿರು ಮಬ್ಬಿನ ನಡುವೆ ಅಲ್ಲಲ್ಲಿ ಇಳಿದುಬಂದ ಬಿಸಿಲುಕೋಲು. ಬೆನ್ನಟ್ಟಿ ಬಂದಿರುವವರು ಮಿಂಗ್ ಅರಮನೆಯ ನಪುಂಸಕ ಅಧಿಕಾರಿಯ ಗೂಢಚಾರರು. ತರುಣಿಯೊಬ್ಬಳು ಸಂಗಾತಿಯ ಆಸರೆಯಿಂದ ಮೇಲಕ್ಕೆ ಚಿಮ್ಮುತ್ತಾಳೆ; ಮರುಕ್ಷಣವೇ ತಲೆ ಕೆಳಗಾಗಿ, ಕತ್ತಿ ಮುಂದಾಗಿ, ಡೇಗೆಯಂತೆ ಶತ್ರುವಿನ ಮೇಲೆ ಎರಗುತ್ತಾಳೆ. ನೋಡುವವರು ಉಸಿರು ಬಿಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

1970-71ರಲ್ಲಿ ತೈವಾನಿನಲ್ಲಿ ಎರಡು ಭಾಗಗಳಾಗಿ ತೆರೆಕಂಡ 'ಎ ಟಚ್ ಆಫ್ ಝೆನ್' ಚಿತ್ರದ ಈ ದೃಶ್ಯವನ್ನು ಚೀನೀ ಖಡ್ಗವೀರರ ಚಲಚ್ಚಿತ್ರಗಳ ಮುಕುಟಮಣಿ ಎನ್ನಬಹುದು. ಇದರ ನಿರ್ದೇಶಕ, ಪೀಕಿಂಗಿನಲ್ಲಿ ಹುಟ್ಟಿದ ಕಿಂಗ್ ಹೂ. ವಿನೋದದ ಸಂಗತಿಯೆಂದರೆ, ಈ ಮಹಾಶಯನಿಗೆ ಕತ್ತಿವರಸೆಯಾಗಲಿ ಮುಷ್ಟಿಯುದ್ಧವಾಗಲಿ ತಿಳಿದಿರಲಿಲ್ಲ! ತನ್ನ ಕಾಳಗಗಳೆಲ್ಲವೂ ಪೀಕಿಂಗಿನ ಗೀತನಾಟಕದಿಂದ ಬಂದವು ಎಂದು ಆತನೇ ಹೇಳಿಕೊಳ್ಳುತ್ತಿದ್ದ. ಆ ರಂಗಭೂಮಿಯಲ್ಲಿ ಯುದ್ಧವೆಂಬುದು ನೃತ್ಯ. ಜಾಗಟೆ ಮೊಳಗಿದಾಗ ಹೆಜ್ಜೆ, ಚಿಟಿಕೆಹಲಗೆ ನಿಂತಾಗ ನಿಲುವು. ಕಿಂಗ್ ಹೂವಿನ ವೀರರೂ ಹಾಗೆಯೇ. ಬಹುಕಾಲ ಅಲುಗದೆ ನಿಂತು ಒಬ್ಬರನ್ನೊಬ್ಬರು ಅಳೆಯುತ್ತಾರೆ, ಬಳಿಕ ಮಿಂಚು. ಹೊಡೆತಕ್ಕಿಂತ ಈ ಕಾಯುವಿಕೆಯೇ ಹೆಚ್ಚು ರೋಮಾಂಚಕಾರಿಯೆಂಬುದನ್ನು ಆತನಷ್ಟು ಬಲ್ಲವರು ವಿರಳ.

1966ರ 'ಕಮ್ ಡ್ರಿಂಕ್ ವಿತ್ ಮಿ' ಚಿತ್ರಕ್ಕೆ ನಾಯಕಿಯಾಗಿ ಆತ ಆರಿಸಿದ್ದು ಚೆಂಗ್ ಪೇ-ಪೇ ಎಂಬ ಇಪ್ಪತ್ತರ ಆಸುಪಾಸಿನ ತರುಣಿಯನ್ನು. ಆಕೆ ಕಲಿತದ್ದು ನೃತ್ಯ, ಕತ್ತಿಯಲ್ಲ. ಕಾಳಗಗಳನ್ನು ಹೆಣೆದುಕೊಟ್ಟವನು ಗೀತನಾಟಕದ ಗರಡಿಯಲ್ಲಿ ಪಳಗಿದ ಹಾನ್ ಯಿಂಗ್‌ಜಿಯೆ. ಕಣ್ಣಿಗೆ ಬೀಳದಂತೆ ಪುಟಿಹಾಸನ್ನು ಇರಿಸಿ ನಟರನ್ನು ನೆಗೆಸುವುದು ಅವನ ಕೆಲಸ. ಉಳಿದದ್ದು ಕಿಂಗ್ ಹೂವಿನ ಕತ್ತರಿಯದು. ಒಂದೇ ನೆಗೆತವನ್ನು ಆತ ತುಂಡುತುಂಡಾಗಿ ಕತ್ತರಿಸುತ್ತಿದ್ದ. ನೆಲವನ್ನು ಮೆಟ್ಟಿದ ಕಾಲು, ಹಾರಿದ ಸೆರಗು, ಅಲುಗಿದ ಬಿದಿರು, ಕೊನೆಗೆ ಕತ್ತಿಯ ಮೊನೆ. ಕೆಲವು ತುಣುಕುಗಳಿಗೆ ಒಂದು ಸೆಕೆಂಡಿನ ಆಯುಷ್ಯವೂ ಇಲ್ಲ. ಕಣ್ಣು ಕಂಡದ್ದು ಅರ್ಧ, ಉಳಿದರ್ಧವನ್ನು ತುಂಬಿಕೊಳ್ಳುವುದು ಮನಸ್ಸು. 1975ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಸಾಧನೆಗಾಗಿ 'ಎ ಟಚ್ ಆಫ್ ಝೆನ್' ಚಿತ್ರಕ್ಕೆ ಪ್ರಶಸ್ತಿ ದೊರೆತದ್ದು ಉಚಿತವೇ ಆಗಿತ್ತು.

ಆದರೆ ತೆರೆಯ ಮೇಲೆ ಹಗುರವಾಗಿ ಹಾರುವ ಈ ದೇಹಗಳ ಹಿಂದೆ ಭಾರವಾದ ಕಥೆಯೊಂದಿದೆ. ಹಾಂಗ್‌ಕಾಂಗಿನ ಗೀತನಾಟಕ ಶಾಲೆಗಳಿಗೆ ಬಡವರ ಮಕ್ಕಳನ್ನು ಏಳೆಂಟು ವರ್ಷದ ಪ್ರಾಯದಲ್ಲಿಯೇ ಕರಾರುಪತ್ರ ಬರೆದುಕೊಟ್ಟು ಒಪ್ಪಿಸುತ್ತಿದ್ದರು. ಮುಂದೆ ಲೋಕಪ್ರಸಿದ್ಧನಾದ ಜಾಕಿ ಚಾನ್ ಹೀಗೆ ಹತ್ತು ವರ್ಷ ಕಳೆದವನೇ. ನಸುಕಿನಿಂದ ರಾತ್ರಿಯವರೆಗೆ ಲಾಗ, ತಲೆಕೆಳಗಾಗಿ ನಿಲ್ಲುವುದು, ತಪ್ಪಿದರೆ ಬೆತ್ತ. ವಿದ್ಯೆ ಕೈಗೂಡುವ ವೇಳೆಗೆ ನಾಟಕಕ್ಕೆ ಪ್ರೇಕ್ಷಕರೇ ಇಲ್ಲವಾಗಿದ್ದರು. ಕಲೆ ಕಲಿತ ಹುಡುಗರು ಚಿತ್ರಶಾಲೆಗಳ ಬಾಗಿಲಲ್ಲಿ ನಿಂತು, ನಾಯಕನ ಬದಲು ಮಾಳಿಗೆಯಿಂದ ಬೀಳುವ ಕೂಲಿಗೆ ಸೇರಿಕೊಂಡರು. ಅವರಲ್ಲಿ ಹೆಸರು ಗಳಿಸಿದವರು ಬೆರಳೆಣಿಕೆಯಷ್ಟು. ಮೂಳೆ ಮುರಿದುಕೊಂಡವರ ಲೆಕ್ಕ ಇಟ್ಟವರಾರು?

2000ರಲ್ಲಿ ಆಂಗ್ ಲೀ ತನ್ನ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಚಿತ್ರದಲ್ಲಿ ಬಿದಿರಿನ ತುದಿಯ ಮೇಲೆಯೇ ಕಾಳಗವನ್ನು ನಡೆಸಿದ. ನಟರನ್ನು ತಂತಿಗಳಲ್ಲಿ ತೂಗಿಬಿಟ್ಟು, ಆ ತಂತಿಗಳನ್ನು ಗಣಕಯಂತ್ರದಿಂದ ಅಳಿಸಲಾಯಿತು. ಕಾಳಗವನ್ನು ಸಂಯೋಜಿಸಿದ ಯುಯೆನ್ ವೂ-ಪಿಂಗ್ ಗೀತನಾಟಕದ ನಟನೊಬ್ಬನ ಮಗ. ಚೆಂಗ್ ಪೇ-ಪೇ ಈ ಸಲ ಕುಟಿಲೆಯಾದ ಮುದುಕಿಯ ಪಾತ್ರದಲ್ಲಿ ಬಂದಳು. ದೃಶ್ಯ ಮನೋಹರವೇನೋ ಹೌದು. ಆದರೂ ಪುಟಿಹಾಸಿನ ಮೇಲಿಂದ ಚಿಮ್ಮಿದ ದೇಹದ ತೂಕ ಅಲ್ಲಿ ಕಾಣದು.

ಕಿಂಗ್ ಹೂವಿನ ಬಿದಿರು ಮೆಳೆಯಲ್ಲಿ ಹಾರಿದ ತರುಣಿ ಷು ಫೆಂಗ್ ಮುಂದೆ ನಟನೆಯನ್ನು ಬಿಟ್ಟು ನಿರ್ಮಾಪಕಿಯಾದಳು. 1993ರಲ್ಲಿ ಕಾನ್‌ನ ಅತ್ಯುಚ್ಚ ಪ್ರಶಸ್ತಿಯನ್ನು ಹಂಚಿಕೊಂಡ 'ಫೇರ್‌ವೆಲ್ ಮೈ ಕಾಂಕ್ಯುಬೈನ್' ಅವಳು ನಿರ್ಮಿಸಿದ ಚಿತ್ರ. ಪೀಕಿಂಗಿನ ಗೀತನಾಟಕ ಶಾಲೆಯೊಂದರಲ್ಲಿ ಬೆತ್ತದ ಏಟು ತಿಂದು ಬೆಳೆದ ಇಬ್ಬರು ಹುಡುಗರ ಕಥೆ ಅದು.