ನೆಕ್ಕರ್ ಮನೆಯ ಶುಕ್ರವಾರಗಳು

ಹದಿನೆಂಟನೇ ಶತಮಾನದ ಪ್ಯಾರಿಸ್ಸಿನಲ್ಲಿ ವಾರದ ದಿನಗಳೂ ಸಲೋನುಗಳಿಗೆ, ಅಂದರೆ ಲೇಖಕರು, ಚಿಂತಕರು ಸೇರುವ ಮನೆಕೂಟಗಳಿಗೆ, ಹಂಚಿಹೋಗಿದ್ದವು. ಸೋಮವಾರ, ಬುಧವಾರ ಮದಾಮ್ ಜೋಫ್ರಾಂ ಮನೆಯಲ್ಲಿ ಊಟ. ಮಂಗಳವಾರ ಎಲ್ವೇಸಿಯುಸ್ ಮನೆ. ಗುರುವಾರ, ಭಾನುವಾರ ಬ್ಯಾರನ್ ಡೋಲ್ಬಾಕ್‌ನದು. ಆಮೇಲೆ ಬಂದ ಸುಜಾನ್ ನೆಕ್ಕರ್ ಖಾಲಿಯಿದ್ದ ಶುಕ್ರವಾರವನ್ನು ತನ್ನದಾಗಿಸಿಕೊಂಡಳು. ದಿದೆರೋ, ದಾಲಂಬೇರ್, ಗ್ರಿಮ್, ಮಾರ್ಮೊಂತೆಲ್ ಎಲ್ಲರೂ ಬಂದರು. ಚರ್ಚಿನ ಮೇಲೆ ಹರಿಹಾಯುತ್ತಿದ್ದ ಮಂದಿಗೆ ಊಟ ಬಡಿಸುತ್ತಿದ್ದವಳು ಒಬ್ಬ ಪಾದ್ರಿಯ ಮಗಳು, ಅದೂ ದೈವಭಕ್ತೆ.

ಅವಳು ಹುಟ್ಟಿದ್ದು 1737ರಲ್ಲಿ, ಸ್ವಿಟ್ಜರ್‌ಲೆಂಡಿನ ವೋ ಪ್ರಾಂತ್ಯದ ಕ್ರಾಸಿಯೆ ಎಂಬ ಹಳ್ಳಿಯಲ್ಲಿ. ಹಳ್ಳಿ ಪಾದ್ರಿ ಲೂಯಿ ಕುರ್ಶೋ ಮಗಳಿಗೆ ಲ್ಯಾಟಿನ್ ಕಲಿಸಿದ, ವರದಕ್ಷಿಣೆಗೆ ಮಾತ್ರ ಏನನ್ನೂ ಕೂಡಿಡಲಿಲ್ಲ. ಲೊಸಾನ್‌ನಲ್ಲಿ ಓದುತ್ತಿದ್ದ ಎಡ್ವರ್ಡ್ ಗಿಬ್ಬನ್ 1757ರಲ್ಲಿ ಅವಳನ್ನು ಕಂಡು ಮನಸೋತ. ಇಂಗ್ಲೆಂಡಿನಲ್ಲಿದ್ದ ಅಪ್ಪ ಒಲ್ಲೆನೆಂದದ್ದೇ ತಡ, ಹಿಂದೆ ಸರಿದ. ರೋಮ್ ಸಾಮ್ರಾಜ್ಯದ ಪತನವನ್ನು ಸಂಪುಟಗಟ್ಟಲೆ ಬರೆಯಲಿದ್ದ ಪುಣ್ಯಾತ್ಮನಿಗೆ ಅಪ್ಪನೆದುರು ನಿಲ್ಲುವ ಧೈರ್ಯವಿರಲಿಲ್ಲ.

ತಂದೆತಾಯಿ ತೀರಿಕೊಂಡ ಮೇಲೆ ಪಾಠ ಹೇಳಿ ಹೊಟ್ಟೆ ಹೊರೆದವಳು, 1764ರಲ್ಲಿ ಮದಾಮ್ ವೆರ್ಮನೂ ಎಂಬ ಶ್ರೀಮಂತ ವಿಧವೆಯ ಜೊತೆಗಾತಿಯಾಗಿ ಪ್ಯಾರಿಸ್ಸಿಗೆ ಬಂದಳು. ಆ ವಿಧವೆಯನ್ನು ಮದುವೆಯಾಗಲು ಸುತ್ತುತ್ತಿದ್ದ ಜಿನೀವಾದ ಬ್ಯಾಂಕರ್ ಜಾಕ್ ನೆಕ್ಕರ್ ಕೈಹಿಡಿದದ್ದು ಸುಜಾನ್‌ಳನ್ನು. ಮರುವರ್ಷ ಗಿಬ್ಬನ್ ಅತಿಥಿಯಾಗಿ ಬಂದ. ನೆಕ್ಕರ್ ಊಟ ಮುಗಿಸಿ, ಹೆಂಡತಿಯನ್ನೂ ಹಳೆಯ ಪ್ರೇಮಿಯನ್ನೂ ಮಾತಿಗೆ ಬಿಟ್ಟು ನಿಶ್ಚಿಂತೆಯಿಂದ ಮಲಗಲು ಹೋದ. ಇದಕ್ಕಿಂತ ಅವಮಾನ ಇನ್ನೇನಿದೆ ಎಂದು ಗಿಬ್ಬನ್ ಸ್ನೇಹಿತನಿಗೆ ಪತ್ರದಲ್ಲಿ ಗೊಣಗಿಕೊಂಡ.

ಸುಜಾನ್‌ಳದು ಎಲ್ಲಕ್ಕೂ ಮೊದಲೇ ಸಿದ್ಧತೆ. ಯಾವ ಅತಿಥಿಯೊಡನೆ ಏನು ಮಾತಾಡಬೇಕೆಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳಂತೆ. ಅದೊಮ್ಮೆ ಅತಿಥಿಯೊಬ್ಬನ ಕೈಗೇ ಸಿಕ್ಕಿತೆಂದು ಪ್ಯಾರಿಸ್ ನಕ್ಕಿತು. ಆದರೆ 1770ರ ಏಪ್ರಿಲ್‌ನಲ್ಲಿ ವೊಲ್ತೇರ್‌ನ ಪ್ರತಿಮೆ ಮಾಡಿಸುವ ತೀರ್ಮಾನವಾದದ್ದು ಇದೇ ಮೇಜಿನ ಸುತ್ತ. ಶಿಲ್ಪಿ ಪಿಗಾಲ್ ಮುದುಕನನ್ನು ಬೆತ್ತಲೆ ಕೆತ್ತಿದ. ಪಾದ್ರಿಯ ಮಗಳ ಪಾಡು ಊಹಿಸಿಕೊಳ್ಳಿ.

ನನ್ನ ಮಟ್ಟಿಗೆ ಆಕೆಯ ನಿಜವಾದ ಕೃತಿ ಬೇರೆ. ಪ್ಯಾರಿಸ್ಸಿನ ದೊಡ್ಡಾಸ್ಪತ್ರೆ ಓತೆಲ್ ದಿಯೂನಲ್ಲಿ ಒಂದೇ ಮಂಚಕ್ಕೆ ನಾಲ್ಕಾರು ರೋಗಿಗಳು. ಜ್ವರದವನ ಪಕ್ಕದಲ್ಲಿ ಸಾಯುತ್ತಿರುವವನು. 1778ರಲ್ಲಿ ಗಂಡ ದೇಶದ ಹಣಕಾಸು ನೋಡಿಕೊಳ್ಳುತ್ತಿದ್ದಾಗ, ಸುಜಾನ್ 120 ಹಾಸಿಗೆಗಳ ಆಸ್ಪತ್ರೆ ತೆರೆದಳು. ಒಬ್ಬ ರೋಗಿಗೆ ಒಂದು ಹಾಸಿಗೆ. ಖರ್ಚುವೆಚ್ಚವನ್ನು ವರ್ಷ ವರ್ಷ ಅಚ್ಚು ಹಾಕಿಸಿದಳು. ಸಲೋನಿನಲ್ಲಿ ನಗೆಪಾಟಲಾದ ಅದೇ ಅಚ್ಚುಕಟ್ಟು ಇಲ್ಲಿ ಜೀವ ಉಳಿಸಿತು. ವೈದ್ಯ ಲೆನೆಕ್ 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದದ್ದು ಇಲ್ಲೇ. ಆಸ್ಪತ್ರೆ ಇಂದಿಗೂ ನೆಕ್ಕರ್ ಹೆಸರಿನಲ್ಲಿದೆ.

ಬರೆಯುವ ಆಸೆಯೂ ಅವಳಿಗಿತ್ತು. ಹೆಂಡತಿ ಲೇಖಕಿಯಾಗುವುದು ನೆಕ್ಕರ್‌ಗೆ ಹಿಡಿಸದು ಎಂದು ಲೇಖನಿಯನ್ನು ಬದಿಗಿಟ್ಟಳು. ಟಿಪ್ಪಣಿ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆದರೂ ಸತ್ತರೆಂದು ಅವಸರದಲ್ಲಿ ಹೂಳುವುದರ ವಿರುದ್ಧ 1790ರಲ್ಲಿ ಅವಳದೊಂದು ಕಿರುಹೊತ್ತಗೆ ಬಂತು. ಜೀವವಿರುವಾಗಲೇ ಮಣ್ಣಾಗುವ ಭಯ ಅವಳನ್ನು ಬಿಟ್ಟಿರಲಿಲ್ಲ. 1794ರಲ್ಲಿ ತೀರಿಕೊಂಡಾಗ ಅವಳ ಇಚ್ಛೆಯಂತೆಯೇ ದೇಹವನ್ನು ಮದ್ಯಸಾರ ತುಂಬಿದ ಅಮೃತಶಿಲೆಯ ತೊಟ್ಟಿಯಲ್ಲಿರಿಸಿ ಕೊಪ್ಪೆ ಎಂಬ ಊರಿನ ಸಮಾಧಿಯಲ್ಲಿಟ್ಟರು. ಹತ್ತು ವರ್ಷದ ಮೇಲೆ ನೆಕ್ಕರ್ ಕೂಡ ಅದೇ ತೊಟ್ಟಿ ಸೇರಿದ.

ಅಷ್ಟರೊಳಗೆ ಅವನು ಇನ್ನೊಂದು ಕೆಲಸ ಮಾಡಿದ್ದ. ಅವಳ ಟಿಪ್ಪಣಿಗಳನ್ನೆಲ್ಲ ಆರಿಸಿ 1798ರಲ್ಲಿ ಮೂರು ಸಂಪುಟ, 1801ರಲ್ಲಿ ಮತ್ತೆರಡು ಸಂಪುಟ ತಾನೇ ಪ್ರಕಟಿಸಿದ. ಮಗಳು ಜೆರ್ಮೇನ್ ಅಂತೂ ಅಪ್ಪನ ಒಪ್ಪಿಗೆಗೆ ಕಾಯಲಿಲ್ಲ. ಮದಾಮ್ ದ ಸ್ತಾಲ್ ಎಂಬ ಹೆಸರಿನಿಂದ ಬರೆದು, ನೆಪೋಲಿಯನ್‌ನ ನಿದ್ದೆ ಕೆಡಿಸಿದಳು.