ನ್ಯಾಯವೆಂಬ ಪದದ ನಾನಾರ್ಥಗಳು

ನ್ಯಾಯವೆಂಬ ಪದಕ್ಕೆ ಅರ್ಥಗಳು ಹಲವು. ಗೌತಮನ ಸೂತ್ರಗಳಲ್ಲಿ ಅದು ತರ್ಕಶಾಸ್ತ್ರ, ನ್ಯಾಯಸ್ಥಾನದಲ್ಲಿ ತೀರ್ಪು, ಕೆಲವು ಸೀಮೆಗಳ ಆಡುಮಾತಿನಲ್ಲಿ ಜಗಳವೂ ನ್ಯಾಯವೇ. ಸಾರ್ವಜನಿಕ ಜೀವನದಲ್ಲಿ ಅದು ಪಡೆಯುವ ಮೂರು ಅರ್ಥಗಳನ್ನು ಅಧ್ಯಾಪಕರಾದವರು ಬೇರ್ಪಡಿಸಿ ತಿಳಿಯುವುದು ಅವಶ್ಯ.

ಮೊದಲನೆಯದು, ಎಲ್ಲರಿಗೂ ಒಂದೇ ಅಳತೆ. ಮಲೆಯಾಳದಲ್ಲಿ ಮಾತ್ರ ಅಚ್ಚಾದ ಅರ್ಜಿ ನಮೂನೆಯನ್ನು ಎಲ್ಲರಿಗೂ ಹಂಚಿದರೆ ಅಳತೆಯೇನೋ ತಪ್ಪುವುದಿಲ್ಲ. ಆದರೆ ಕನ್ನಡವನ್ನಷ್ಟೇ ಓದಬಲ್ಲ ಕುಂಬ್ಡಾಜೆಯ ಕೃಷಿಕನಿಗೆ ಅದು ಬರಿಯ ಕಾಗದ.

ಆದುದರಿಂದ ಎರಡನೆಯ ಅರ್ಥವು ಬೇಕಾಯಿತು: ಅವರವರ ಸ್ಥಿತಿಗೆ ತಕ್ಕ ಅನುಕೂಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಬಯಸುವುದು ಈ ಅರ್ಥದಿಂದಲೇ.

ಮೂರನೆಯದು ನಿಷ್ಪಕ್ಷಪಾತ. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿ–ಪಯಸ್ವಿನಿಗಳ ಉತ್ತರದ ಕಾಸರಗೋಡು ಪ್ರದೇಶವು ಮೈಸೂರಿಗೆ ಸೇರಲೆಂದಿತು, ಕೇರಳ ಒಪ್ಪಲಿಲ್ಲ. ಬೆಳಗಾವಿ ನಗರವು ಮೈಸೂರಿನಲ್ಲೇ ಇರಲೆಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಮೈಸೂರಿನ ಕೆಲವು ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಲೆಂದೂ ಅದೇ ವರದಿ ಹೇಳಿತ್ತು. ತನಗೆ ಅನುಕೂಲವಾದ ಸಾಲನ್ನಷ್ಟೇ ಉದ್ಧರಿಸುವ ರಾಜಕಾರಣಿಯಾಗಲಿ ಪತ್ರಿಕೆಯಾಗಲಿ ಸುಳ್ಳಾಡಿದಂತಾಗದು, ನ್ಯಾಯವನ್ನಾಡಿದಂತೆಯೂ ಆಗದು. ವರದಿಯಿಂದ ಬರುವ ಲಾಭವನ್ನು ಕೇಳುವವನು ಅದರ ನಷ್ಟವನ್ನೂ ಹೊರಬೇಕು.

ಗಡಿನಾಡಿನ ಕನ್ನಡಿಗರ ಬೇಡಿಕೆಗೆ ಬಲ ಬರುವುದೂ ಈ ಒರೆಗಲ್ಲಿನಿಂದಲೇ. ಸರಕಾರದಿಂದ ನಾವು ಕೇಳುವ ನ್ಯಾಯವು, ನಮ್ಮ ಕನ್ನಡ ತರಗತಿಯಲ್ಲಿ ಕುಳಿತ ತುಳು, ಮರಾಠಿ ಮನೆಮಾತಿನ ಮಗುವಿಗೂ ಸಲ್ಲತಕ್ಕದ್ದು. ಆ ಮಗುವಿನ ಮಾತನ್ನು ಗೌರವಿಸುವ ಅಧ್ಯಾಪಕನು ತನ್ನ ಭಾಷೆಗೆ ಗೌರವವನ್ನು ಧೈರ್ಯವಾಗಿ ಕೇಳಬಹುದು.